ಸೈಕಲ್ ಹ್ಯಾಂಡಲ್ ಮೇಲಿನ ಮ್ಯಾಪ್ ಹೋಲ್ಡರ್ ತಿರುಗಲೇಬೇಕೆ? ಇಲ್ಲಿದೆ ವಿವರ

‘ಕೈಯಲ್ಲಿ ಸ್ಮಾರ್ಟ್‌ಫೋನ್ ಇರುವಾಗ ಕಾಗದದ ನಕ್ಷೆ ಯಾರಿಗೆ ಬೇಕು?’, ‘ಹ್ಯಾಂಡಲ್‌ಗೆ ಒಂದು ಕ್ಲಿಪ್ ಹಾಕಿ ನಕ್ಷೆ ಸಿಕ್ಕಿಸಿದರೆ ಸಾಕಲ್ಲವೇ?’ ಮೌಂಟನ್ ಬೈಕ್ ಓರಿಯಂಟೀರಿಂಗ್ ಬಗ್ಗೆ ಮೊದಲ ಸಲ ಕೇಳಿದವರು ಸಾಮಾನ್ಯವಾಗಿ ಎತ್ತುವ ಪ್ರಶ್ನೆಗಳಿವು. ಎರಡಕ್ಕೂ ಉತ್ತರ ಹುಡುಕಿದರೆ, ನಮ್ಮ ಮೆದುಳು ನಕ್ಷೆಯನ್ನು ಹೇಗೆ ಓದುತ್ತದೆ ಎಂಬ ಕುತೂಹಲದ ಸಂಗತಿಯೂ ತಿಳಿಯುತ್ತದೆ.

ಏನಿದು ಆಟ?

ಕಾಡು, ಗುಡ್ಡಗಳ ನಡುವೆ ಅಲ್ಲಲ್ಲಿ ಇಟ್ಟಿರುವ ನಿಯಂತ್ರಣ ಕೇಂದ್ರಗಳನ್ನು ನಕ್ಷೆ ನೋಡಿ ಹುಡುಕುತ್ತಾ, ಸೈಕಲ್‌ನಲ್ಲಿ ಆದಷ್ಟು ಬೇಗ ಗುರಿ ಮುಟ್ಟುವ ಸ್ಪರ್ಧೆ ಇದು. ಇದರ ಮೊದಲ ವಿಶ್ವ ಚಾಂಪಿಯನ್‌ಶಿಪ್ 2002ರಲ್ಲಿ ಫ್ರಾನ್ಸ್‌ನ ಫಾಂಟೇನ್‌ಬ್ಲೋದಲ್ಲಿ ನಡೆಯಿತು. ದಾರಿ ತೋರಿಸುವ ಜಿಪಿಎಸ್ ಬಳಸುವಂತಿಲ್ಲ. ಸಂಘಟಕರು ಕೊಡುವ ನಕ್ಷೆ ಮತ್ತು ದಿಕ್ಸೂಚಿಯೇ ಆಧಾರ. ಯಾವ ಹಾದಿಯಲ್ಲಿ ವೇಗವಾಗಿ ಹೋಗಬಹುದು, ಎಲ್ಲಿ ಕಷ್ಟ ಎಂಬುದನ್ನೂ ಈ ನಕ್ಷೆಯ ಗೆರೆಗಳೇ ಹೇಳುತ್ತವೆ. ಹಾಗಾಗಿ ಮೊದಲ ಪ್ರಶ್ನೆಗೆ ಉತ್ತರ ಸರಳ: ಇಲ್ಲಿ ದಾರಿ ಹುಡುಕುವುದೇ ಆಟ.

ನಕ್ಷೆ ಯಾಕೆ ತಿರುಗಬೇಕು?

ಸಾಮಾನ್ಯವಾಗಿ ನಕ್ಷೆಯ ಮೇಲ್ಭಾಗ ಉತ್ತರ. ನೀವು ಉತ್ತರಕ್ಕೆ ಹೊರಟಿದ್ದರೆ ತೊಂದರೆಯಿಲ್ಲ. ದಕ್ಷಿಣಕ್ಕೆ ಹೋಗುತ್ತಿದ್ದರೆ? ನಕ್ಷೆಯಲ್ಲಿ ಬಲಕ್ಕೆ ಕಾಣುವ ಹಾದಿ ನಿಜದಲ್ಲಿ ನಿಮ್ಮ ಎಡಕ್ಕಿರುತ್ತದೆ. ನಕ್ಷೆ ತಿರುಗದಿದ್ದರೆ, ಅದನ್ನು ನೀವು ಮನಸ್ಸಿನಲ್ಲೇ ತಿರುಗಿಸಿಕೊಳ್ಳಬೇಕು.

ಇದಕ್ಕೆ ಸಮಯ ಹಿಡಿಯುತ್ತದೆ. 1971ರಲ್ಲಿ ರೋಜರ್ ಶೆಪರ್ಡ್ ಮತ್ತು ಜಾಕ್ವೆಲಿನ್ ಮೆಟ್ಜ್ಲರ್ ಎಂಬ ಮನೋವಿಜ್ಞಾನಿಗಳು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಬೇರೆ ಬೇರೆ ಕೋನಗಳಲ್ಲಿ ತಿರುಗಿಸಿದ ಎರಡು ಆಕೃತಿಗಳು ಒಂದೇ ಹೌದೋ ಅಲ್ಲವೋ ಎಂದು ಜನ ಹೇಳಬೇಕಿತ್ತು. ಕೋನ ಹೆಚ್ಚಿದಷ್ಟೂ ಉತ್ತರ ತಡವಾಯಿತು: ತಿರುಗಿಸದಿದ್ದಾಗ ಸುಮಾರು 1 ಸೆಕೆಂಡ್, 180 ಡಿಗ್ರಿಯಲ್ಲಿ 4 ಸೆಕೆಂಡ್‌ಗಿಂತ ಹೆಚ್ಚು. ಆಕೃತಿಯೂ ನಕ್ಷೆಯೂ ಒಂದೇ ಅಲ್ಲ, ಆದ್ದರಿಂದ ಈ ಅಂಕಿಗಳನ್ನೇ ಸೈಕಲ್‌ಗೆ ಅನ್ವಯಿಸುವಂತಿಲ್ಲ. ಆದರೆ ಮನಸ್ಸಿನಲ್ಲಿ ತಿರುಗಿಸುವುದು ಪುಕ್ಕಟೆ ಕೆಲಸವಲ್ಲ ಎಂಬುದಂತೂ ಸ್ಪಷ್ಟ.

ಈಗ ಲೆಕ್ಕ ಹಾಕೋಣ. ಗಂಟೆಗೆ 18 ಕಿ.ಮೀ. ವೇಗವೆಂದರೆ ಸೆಕೆಂಡ್‌ಗೆ 5 ಮೀಟರ್. ನಕ್ಷೆ ನೋಡುತ್ತಾ 2 ಸೆಕೆಂಡ್ ಹೆಚ್ಚು ಕಳೆದರೆ, 10 ಮೀಟರ್ ದಾರಿಯನ್ನು ನೋಡದೆಯೇ ದಾಟಿರುತ್ತೀರಿ. ಕಲ್ಲು, ಬೇರು, ಗುಂಡಿ ಇರುವ ಕಾಡುಹಾದಿಯಲ್ಲಿ ಅಷ್ಟು ಸಾಕು ಬೀಳಲು. ಹೋಲ್ಡರ್ ತಿರುಗಬೇಕು ಎನ್ನುವುದು ಶೋಕಿಯ ಮಾತಲ್ಲ, ಸುರಕ್ಷತೆಯ ಮಾತು.

ಆಯ್ಕೆ ಮಾಡುವಾಗ ಏನು ನೋಡಬೇಕು?

ತಿರುಗುವಿಕೆ: ಹಲಗೆ 360 ಡಿಗ್ರಿ ಸುತ್ತಬೇಕು. ಒಂದು ಬೆರಳಿನಿಂದ ನೂಕಿದರೆ ತಿರುಗಬೇಕು, ಆದರೆ ಹಾದಿಯ ಕುಲುಕಾಟಕ್ಕೆ ತಾನಾಗಿಯೇ ತಿರುಗಬಾರದು. ಬಿಗಿತ ಹೊಂದಿಸಿಕೊಳ್ಳುವ ಸ್ಕ್ರೂ ಇದ್ದರೆ ಒಳ್ಳೆಯದು.

ಹಿಡಿತ: ಮೌಂಟನ್ ಬೈಕ್ ಹ್ಯಾಂಡಲ್‌ಗಳ ನಡುಭಾಗದ ದಪ್ಪ ಸಾಮಾನ್ಯವಾಗಿ 25.4, 31.8 ಅಥವಾ 35 ಮಿ.ಮೀ. ಕೊಳ್ಳುವ ಮುನ್ನ ನಿಮ್ಮದನ್ನು ಅಳೆಯಿರಿ. ಸಡಿಲವಾದ ಕ್ಲ್ಯಾಂಪ್ ಇಳಿಜಾರಿನಲ್ಲಿ ಕೈಕೊಡುತ್ತದೆ.

ಗಾತ್ರ: ದೊಡ್ಡ ಹಲಗೆ ಎಂದರೆ ಒಳ್ಳೆಯ ಹಲಗೆ ಎಂದಲ್ಲ. ಅದು ಬ್ರೇಕ್ ಹಿಡಿಯುವ ಬೆರಳಿಗೆ, ಎದ್ದು ತುಳಿಯುವಾಗ ಮೊಣಕಾಲಿಗೆ ತಗುಲಬಾರದು. ಮುಂದಿನ ಚಕ್ರದ ಎದುರಿನ ನೆಲವನ್ನೂ ಮರೆಮಾಡಬಾರದು. ದೊಡ್ಡ ನಕ್ಷೆಯನ್ನು ಮಡಚಿ ಇಡಬಹುದು.

ಮಳೆ ಮತ್ತು ಬಿಸಿಲು: ನಕ್ಷೆಯ ಮೇಲಿನ ಪಾರದರ್ಶಕ ಹಾಳೆ ನೀರು ತಡೆಯಬೇಕು, ಆದರೆ ಬಿಸಿಲಿಗೆ ಕನ್ನಡಿಯಂತೆ ಹೊಳೆಯಬಾರದು. ಅಂಗಡಿಯೊಳಗೆ ನೋಡಿ ತೀರ್ಮಾನಿಸಬೇಡಿ, ಹೊರಗೆ ತಂದು ನೋಡಿ.

ಅಂಚುಗಳು: ಬಿದ್ದಾಗ ಎದೆ ಅಥವಾ ಮುಖಕ್ಕೆ ತಗುಲಬಹುದಾದ ವಸ್ತು ಇದು. ಚೂಪಾದ ಮೂಲೆ, ಹೊರಚಾಚಿದ ಬೋಲ್ಟ್ ಬೇಡ.

ಆಯಸ್ಕಾಂತ: ಕೆಲವರು ನಕ್ಷೆ ಹಿಡಿದಿಡಲು ಆಯಸ್ಕಾಂತ ಬಳಸುತ್ತಾರೆ. ಪಕ್ಕದಲ್ಲೇ ದಿಕ್ಸೂಚಿ ಇದ್ದರೆ ಅದರ ಮುಳ್ಳು ಉತ್ತರದ ಬದಲು ಆಯಸ್ಕಾಂತದತ್ತ ವಾಲುತ್ತದೆ. ಉಕ್ಕಿನ ಭಾಗಗಳೂ ಮುಳ್ಳನ್ನು ತಪ್ಪಿಸಬಲ್ಲವು.

ಮನೆಯಲ್ಲೇ ಮಾಡಬಹುದೇ?

ಮಾಡಬಹುದು. ಹಗುರವಾದ ಪ್ಲಾಸ್ಟಿಕ್ ಹಲಗೆ, ನಡುವೆ ಒಂದು ಬೋಲ್ಟ್, ಎರಡು ಅಗಲ ವಾಷರ್, ಸಡಿಲವಾಗದ ನಟ್, ಹ್ಯಾಂಡಲ್‌ಗೆ ಹೊಂದುವ ಕ್ಲ್ಯಾಂಪ್ ಸಾಕು. ಆಟ ನಿಮಗೆ ಹಿಡಿಸುತ್ತದೋ ಇಲ್ಲವೋ ತಿಳಿಯುವ ಮೊದಲೇ ದುಬಾರಿ ಹೋಲ್ಡರ್ ಕೊಳ್ಳಬೇಕಿಲ್ಲ. ಆದರೆ ಅಂಚುಗಳನ್ನು ಉಜ್ಜಿ ನುಣುಪು ಮಾಡಿ, ಬಯಲಿನಲ್ಲಿ ಒಮ್ಮೆ ಓಡಿಸಿ ನೋಡಿದ ಮೇಲಷ್ಟೇ ಕಾಡಿಗಿಳಿಯಿರಿ.

ನೀವೇ ಪರೀಕ್ಷಿಸಿ

ಸೈಕಲ್ ಇಲ್ಲದವರೂ ಇದನ್ನು ಪರೀಕ್ಷಿಸಬಹುದು. ಗೊತ್ತಿಲ್ಲದ ಬಡಾವಣೆಯೊಂದರ ನಕ್ಷೆಯನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳಿ. ಅಕ್ಷರಗಳು ನೇರವಾಗಿ ಕಾಣುವಂತೆಯೇ ಹಿಡಿದು ದಕ್ಷಿಣಕ್ಕೆ ನಡೆಯುತ್ತಾ ಎರಡು ತಿರುವು ಹುಡುಕಿ. ನಂತರ ಅದನ್ನು ನೀವು ಹೋಗುವ ದಿಕ್ಕಿಗೆ ತಿರುಗಿಸಿ ಮತ್ತೆರಡು ತಿರುವು ಹುಡುಕಿ. ವ್ಯತ್ಯಾಸ ನಿಮಗೇ ತಿಳಿಯುತ್ತದೆ. ಅಕ್ಷರ ತಲೆಕೆಳಗಾದರೂ ಪರವಾಗಿಲ್ಲ, ದಾರಿ ನೇರವಾಗಿರುತ್ತದೆ.

ಫೋನಿನ ಮ್ಯಾಪ್ ಆ್ಯಪ್‌ನಲ್ಲಿ ದಾರಿ ಹಿಡಿದು ಹೊರಟಾಗ ಪರದೆ ನಿಮ್ಮೊಂದಿಗೆ ತಿರುಗುವುದೂ ಇದೇ ಕಾರಣಕ್ಕೆ. ಅಂದರೆ ತಿರುಗುವ ಹಲಗೆ ಹಳೆಯ ಕಾಲದ ವಸ್ತುವಲ್ಲ. ಫೋನು ತಾನಾಗಿ ಮಾಡುವ ಕೆಲಸವನ್ನು ಅಲ್ಲಿ ಬೆರಳು ಮಾಡುತ್ತದೆ. ಆದರೆ ಫೋನಿರಲಿ, ಕಾಗದವಿರಲಿ, ಒಂದು ನೋಟದಲ್ಲಿ ಅರ್ಥವಾಗದಿದ್ದರೆ ಓಡಿಸುತ್ತಲೇ ಎರಡನೇ ಸಲ ಇಣುಕಬೇಡಿ. ಬದಿಗೆ ನಿಲ್ಲಿಸಿ ನೋಡಿ. ಸ್ಪರ್ಧೆಯಲ್ಲಿ ಕೆಲವು ಸೆಕೆಂಡ್ ಹೋದರೆ ಹೋಗಲಿ, ನೀವು ಕ್ಷೇಮವಾಗಿ ತಲುಪುವುದು ಮುಖ್ಯ.