ಪಿ.ಟಿ. ಮಾಸ್ತರರ ಕೈಗೆ ಛಡಿ ಕೊಟ್ಟವರಾರು?

ಗದಗ, ಶಿರಹಟ್ಟಿ, ಮುಂಡರಗಿ ಕಡೆಯ ಪ್ರೌಢಶಾಲೆಗಳಲ್ಲಿ ಗಣಿತದ ಪೀರಿಯಡ್ಡಿನಲ್ಲಿ ಗದ್ದಲ ಮಾಡಿದ ಹುಡುಗನನ್ನು ಎಲ್ಲಿಗೆ ಕಳಿಸುತ್ತಾರೆ? ಹೆಚ್ಚಾಗಿ ಹೆಡ್ ಮಾಸ್ತರರ ಕೋಣೆಗಲ್ಲ, ಮೈದಾನಕ್ಕೆ. "ಪಿ.ಟಿ. ಸರ್ ಕೈಯಾಗ ಕೊಡ್ತೀನಿ ನೋಡ್ರಿ" ಎಂದರೆ ಸಾಕು, ಇಡೀ ತರಗತಿ ಗಪ್‌ಚಿಪ್. ತಡವಾಗಿ ಬಂದವರು, ಕೂದಲು ಬಿಟ್ಟವರು, ಶನಿವಾರ ಬಿಳಿ ಬೂಟು ಹಾಕದವರು, ಗೋಡೆ ಜಿಗಿದು ಸಿನಿಮಾಕ್ಕೆ ಹೋದವರು, ಎಲ್ಲರೂ ಕೊರಳಿಗೆ ಸೀಟಿ ಹಾಕಿಕೊಂಡ ಆ ಒಬ್ಬ ಮನುಷ್ಯನ ಪಾಲಿಗೆ. ದೈಹಿಕ ಶಿಕ್ಷಣಕ್ಕೆಂದು ನೇಮಕವಾದವರಿಂದ ನಾವು ದೈಹಿಕ ಶಿಕ್ಷೆಯ ಕೆಲಸ ಮಾಡಿಸಿಕೊಳ್ಳುತ್ತಿದ್ದೇವೆ.

ಪಿ.ಟಿ. ಮಾಸ್ತರರಿಗೂ ವಿದ್ಯಾರ್ಥಿಗಳಿಗೂ ಆಗುವ ಜಗಳಗಳಲ್ಲಿ ಬಹುಪಾಲು ಅವರವೇ ಅಲ್ಲ, ಇತರರಿಂದ ಕಡ ಬಂದವು. ಹುಡುಗನಿಗೆ ಸಿಟ್ಟಿರುವುದು ಗಣಿತದ ಮಾಸ್ತರರ ಮೇಲೆ, ಹೊಡೆತ ಬೀಳುವುದು ಮೈದಾನದಲ್ಲಿ. ಬೆಟಗೇರಿಯ ನೇಕಾರರ ಮನೆಯ ಹುಡುಗ ಬೆಳಿಗ್ಗೆ ಮಗ್ಗದ ಕೆಲಸಕ್ಕೆ ಕೈಗೂಡಿಸಿ ಪ್ರಾರ್ಥನೆಗೆ ತಡವಾಗಿ ಬಂದರೆ, ಅವನ ಮನೆಯ ಕತೆ ಕೇಳುವಷ್ಟು ಪುರುಸೊತ್ತು ಯಾರಿಗಿದೆ? ಗೇಟಿನಲ್ಲಿ ಸೀಟಿ ಇದೆ, ಛಡಿ ಇದೆ.

ಕಾನೂನು ಗೊತ್ತಿಲ್ಲ ಎನ್ನುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಒಟ್ಟಿಗೇ ನಿಷೇಧಿಸುತ್ತದೆ. ಆ ಕಾಯ್ದೆ ಹದಿನಾಲ್ಕು ವರ್ಷದವರೆಗೆ ಮಾತ್ರ, ಒಂಬತ್ತು-ಹತ್ತನೇ ತರಗತಿಯವರಿಗೆ ಅದು ಬರುವುದಿಲ್ಲ ಎಂದು ವಾದಿಸುವ ಜಾಣರಿದ್ದಾರೆ. ಅವರು 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮು ಓದಲಿ. ತನ್ನ ಸುಪರ್ದಿನಲ್ಲಿರುವ, ಹದಿನೆಂಟು ತುಂಬದ ಮಗುವಿನ ಮೇಲೆ ಕ್ರೌರ್ಯವೆಸಗಿದರೆ ಮೂರು ವರ್ಷದವರೆಗೆ ಜೈಲಿದೆ.

"ನಾವು ಛಡಿ ಬಿಟ್ಟು ಬಹಳ ವರ್ಷ ಆಯ್ತು, ಈಗ ಬರೇ ಹತ್ತು ಸುತ್ತು ಓಡಸ್ತೀವಿ" ಎನ್ನುತ್ತಾರೆ ಇನ್ನು ಕೆಲವರು. ಬಸ್ಕಿ, ಇಲ್ಲದ ಕುರ್ಚಿಯ ಮೇಲೆ ಕೂಡಿಸುವುದು, ಉರ್ದು ಶಾಲೆಗಳಲ್ಲಾದರೆ ಕಿವಿ ಹಿಡಿಸಿ ಮುರ್ಗಾ. ನನಗೆ ಛಡಿಗಿಂತ ಇದೇ ಹೆಚ್ಚು ನೋವಿನ ಸಂಗತಿ. ಓಟ, ಬಸ್ಕಿ ಅವರ ವಿಷಯದ ಪಾಠಗಳು. ಪಾಠವನ್ನೇ ದಂಡ ಮಾಡಿದ ಮೇಲೆ ಹುಡುಗ ಓಟವನ್ನು ಪ್ರೀತಿಸುವುದು ಹೇಗೆ? ಮಾರ್ಚ್ ತಿಂಗಳ ಬಿಸಿಲಿನಲ್ಲಿ ರೋಜಾ ಹಿಡಿದ ಹುಡುಗ ಎರಡನೇ ಸುತ್ತಿಗೆ ಕುಸಿಯುತ್ತಾನೆ, ಕಾರಣ ಹೇಳಲು ಹೆದರುತ್ತಾನೆ. ಹೊಟ್ಟೆನೋವೆಂದು ಮೂಲೆಯಲ್ಲಿ ಕುಳಿತ ಹುಡುಗಿ ಯಾಕೆ ಕುಳಿತಿದ್ದಾಳೆಂದು ಗಂಡಸು ಮಾಸ್ತರರಿಗೆ ಹೇಳುವುದು ಹೇಗೆ? "ನಾಟಕ ಮಾಡಬ್ಯಾಡ, ಏಳು" ಎಂಬ ಮಾತು ಕೇಳಿದ ಮೇಲೆ ಅವಳು ಆ ಪೀರಿಯಡ್ಡಿನ ದಿನ ಶಾಲೆಯನ್ನೇ ತಪ್ಪಿಸುತ್ತಾಳೆ. ಆಮೇಲೆ ಅದಕ್ಕೂ ಒಂದು ಶಿಕ್ಷೆ.

ತಂದೆತಾಯಿಗಳ ಪಾಲೂ ಸಣ್ಣದಲ್ಲ. "ಛಡಿ ಛಂ ಛಂ, ವಿದ್ಯಾ ಘಂ ಘಂ" ಎಂದು ಕನ್ನಡ ಮನೆಗಳಲ್ಲಿ ಹೇಳುತ್ತಾರೆ. ನಮ್ಮ ಉರ್ದು ಮನೆಗಳಲ್ಲಿ ಮಗನನ್ನು ಉಸ್ತಾದರಿಗೆ ಒಪ್ಪಿಸುವಾಗ "ಚಮಡಾ ತುಮಾರಾ, ಹಡ್ಡೀ ಹಮಾರೀ" ಎನ್ನುತ್ತಾರೆ. ಚರ್ಮ ನಿಮ್ಮದು, ಎಲುಬು ನಮ್ಮದಂತೆ! ಈಗ ಊರೂರಲ್ಲಿ ನಡೆಯುವ ಗುರುವಂದನಾ ಕಾರ್ಯಕ್ರಮಗಳ ಭಾಷಣ ಕೇಳಿದ್ದೀರಾ? "ಪಿ.ಟಿ. ಸರ್ ಅವತ್ತು ಹೊಡೆದದ್ದಕ್ಕೆ ನಾನಿವತ್ತು ಸಾಹೇಬನಾದೆ" ಎಂದು ಒಬ್ಬರು ಕಣ್ಣೊರೆಸಿಕೊಂಡರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅದೇ ಹೊಡೆತಕ್ಕೆ ಒಂಬತ್ತನೆತ್ತಿಗೆ ಶಾಲೆ ಬಿಟ್ಟು ಗ್ಯಾರೇಜು ಸೇರಿದವನಿಗೆ ಆ ಸಭೆಯ ಆಮಂತ್ರಣ ಹೋಗಿರುವುದಿಲ್ಲ. ಅವನ ಸಾಕ್ಷಿ ಕೇಳದೆ ತೀರ್ಪು ಹೇಳುವುದು ಯಾವ ನ್ಯಾಯ?

2022ರ ಡಿಸೆಂಬರಿನಲ್ಲಿ ನಮ್ಮದೇ ಜಿಲ್ಲೆಯ ನರಗುಂದ ತಾಲೂಕಿನ ಹದ್ಲಿಯ ಸರಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿಯ ಬಾಲಕನೊಬ್ಬ ಸತ್ತ. ಅತಿಥಿ ಶಿಕ್ಷಕನೊಬ್ಬ ಸಲಿಕೆಯಿಂದ ಹೊಡೆದು ಮಹಡಿಯಿಂದ ನೂಕಿದನೆಂಬ ಆರೋಪ. ಆತ ಪಿ.ಟಿ. ಮಾಸ್ತರನಲ್ಲ. ಅದನ್ನು ಇಲ್ಲಿಯ ಬಸ್ಕಿ-ಓಟಗಳ ಸಾಲಿನಲ್ಲಿಟ್ಟು ನೋಡುವುದು ಅನ್ಯಾಯವಾದೀತು. ಆದರೆ ಶಿಕ್ಷಕನ ಕೈ ಮಗುವಿನ ಮೈಮೇಲೆ ಏಳುವುದು ದಿನದ ಮಾತಾಗಿರುವ ಕಡೆ, ಎದ್ದ ಕೈಯನ್ನು ಸಮಯಕ್ಕೆ ಸರಿಯಾಗಿ ತಡೆಯುವವರಾರು?

ವಿಚಿತ್ರವೆಂದರೆ ಜಗಳ ಬಿಡಿಸುವ ವಿದ್ಯೆ ಇಡೀ ಶಾಲೆಯಲ್ಲಿ ಚೆನ್ನಾಗಿ ಗೊತ್ತಿರುವುದು ಪಿ.ಟಿ. ಮಾಸ್ತರರಿಗೇ. ಅವರು ಅಂಪೈರು. ಆಟ ಸುರುವಾಗುವ ಮೊದಲೇ ನಿಯಮ ಎಲ್ಲರಿಗೂ ಗೊತ್ತಿರುತ್ತದೆ, ಗೌಡರ ಮಗನಿಗೂ ಹಮಾಲನ ಮಗನಿಗೂ ಅದೊಂದೇ. ಹಾಕಿಯಲ್ಲಿ ಹಸಿರು ಕಾರ್ಡಿಗೆ ಎರಡು ನಿಮಿಷ ಹೊರಗೆ, ಹಳದಿಗೆ ಕನಿಷ್ಠ ಐದು. ನಿಮಿಷ ಮುಗಿದರೆ ಲೆಕ್ಕ ಚುಕ್ತಾ, ಹುಡುಗ ಮತ್ತೆ ಒಳಗೆ. ಕಬಡ್ಡಿಯಲ್ಲಂತೂ ಔಟಾದವನನ್ನು ಅವನ ಗೆಳೆಯರೇ ಆಡಿ ಗೆದ್ದು ಒಳಗೆ ಕರೆತರುತ್ತಾರೆ. ಯಾವ ಅಂಪೈರೂ ಆಟಗಾರನ ಅಪ್ಪನ ಕಸುಬು ಎತ್ತಿ ಆಡುವುದಿಲ್ಲ, ಕಪಾಳಕ್ಕೆ ಹೊಡೆಯುವುದಿಲ್ಲ. ಹೊಡೆದರೆ ಅವನೇ ಮೈದಾನದಿಂದ ಹೊರಗೆ. ಸಂಜೆ ಐದಕ್ಕೆ ಪಂದ್ಯದಲ್ಲಿ ಇಷ್ಟು ಸಂಯಮ ತೋರುವವರು ಬೆಳಿಗ್ಗೆ ಗೇಟಿನಲ್ಲಿ ಪೊಲೀಸನಾಗುವುದು ಯಾಕೆ?

ಯಾಕೆಂದರೆ ಸ್ಟಾಫ್ ರೂಮಿನಲ್ಲಿ ಅವರಿಗೆ ಬೇರೆ ಮರ್ಯಾದೆ ಉಳಿದಿಲ್ಲ. ಅವರ ಪೀರಿಯಡ್ಡನ್ನು ಪರೀಕ್ಷೆ ಹತ್ತಿರ ಬಂತೆಂದು ವಿಜ್ಞಾನದವರು ಕಸಿದುಕೊಳ್ಳುತ್ತಾರೆ. ಪ್ರೊ. ಎಲ್.ಆರ್. ವೈದ್ಯನಾಥನ್ ವರದಿ ಜಾರಿಯಾಗಲಿ, ನಮ್ಮನ್ನೂ ಸಹಶಿಕ್ಷಕರೆಂದು ಪರಿಗಣಿಸಿ ಎಂದು ಇವರು ಸರಕಾರಕ್ಕೆ ಮನವಿ ಕೊಡುತ್ತಲೇ ಬಂದಿದ್ದಾರೆ. ಬೇಡಿಕೆ ನ್ಯಾಯವಾದದ್ದು. ಆದರೆ ಶಿಕ್ಷಕನೆಂದು ಕರೆಯಿರಿ ಎನ್ನುವ ಬಾಯಿ, ಇನ್ನೊಬ್ಬರ ಸಿಟ್ಟನ್ನು ತೀರಿಸುವ ಕೂಲಿಯನ್ನು ಬೇಡವೆನ್ನಲೂ ಕಲಿಯಬೇಕು. ಮನವಿಪತ್ರದಲ್ಲಿ ಆ ಒಂದು ಸಾಲು ಯಾಕಿಲ್ಲ?

ಬರುವ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಯಾರೋ ಮಾಸ್ತರರು ಒಬ್ಬ ಹುಡುಗನ ರಟ್ಟೆ ಹಿಡಿದು ಮೈದಾನಕ್ಕೆ ಎಳೆತರುತ್ತಾರೆ, ನೋಡುತ್ತಿರಿ. ಆಗ ಪಿ.ಟಿ. ಮಾಸ್ತರರು ಹೇಳಬೇಕಾದದ್ದು ಇಷ್ಟೆ: "ಇವನ ಜೋಡಿ ನೀವ ಕುಂತು ಮಾತಾಡ್ರಿ ಸರ. ನನ್ನ ಪೀರಿಯಡ್ಡಿಗೆ ಆಟಕ್ಕ ಕಳಸ್ರಿ."