ಕೇಳುತ್ತೇನೆ ಅಂದವರು ಕೇಳಲೇ ಇಲ್ಲ

ಮಾನ್ಯರೇ,

ಅರ್ಜಿ ಕೊಟ್ಟಾಯಿತು, ಮಾಹಿತಿ ಹಕ್ಕಿನಲ್ಲಿ ಕೇಳಿಯಾಯಿತು, ನಿಮ್ಮ ಕಚೇರಿಯ ಬಾಗಿಲಲ್ಲಿ ಕಾದದ್ದೂ ಆಯಿತು. ಉತ್ತರ ಬರಲಿಲ್ಲ. ಆದ್ದರಿಂದ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ. ನಿಮ್ಮ ಹೆಸರು, ಹುದ್ದೆ ಎರಡನ್ನೂ ಬಿಟ್ಟಿದ್ದೇನೆ. ಯಾರಿಗೆ ಬರೆದದ್ದೆಂದು ನಿಮಗೆ ಗೊತ್ತು.

ನಮ್ಮ ಅಣ್ಣನ ಸಂಗತಿ ನವಲಗುಂದದ ಸುತ್ತಲಿನವರಿಗೆ ತಿಳಿದದ್ದೇ. 2023ರ ಬರ, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರವೇ ಬರಪೀಡಿತ ಎಂದು ಸಾರಿದ ವರ್ಷ. ಲಾವಣಿ ಹಿಡಿದ ಎರೆಹೊಲದಲ್ಲಿ ಹೆಸರು ಬೆಳೆ ಒಣಗಿತು. ಉತಾರ ಬೇರೆಯವರ ಹೆಸರಿನಲ್ಲಿ, ಹಾಗಾಗಿ ಬ್ಯಾಂಕಿನ ಸಾಲ ಸಿಗಲಿಲ್ಲ. ಇದ್ದದ್ದು ಕೈಸಾಲ ಮತ್ತು ಗೊಬ್ಬರದ ಅಂಗಡಿಯ ಉದ್ರಿ. ಮುಂದಿನದನ್ನು ಬರೆಯಲಾರೆ. ಠಾಣೆಯಲ್ಲಿ ಅಸಹಜ ಸಾವು ಎಂದು ದಾಖಲಾಯಿತು, ಮರಣೋತ್ತರ ಪರೀಕ್ಷೆ ಆಯಿತು, ಒಳಾಂಗದ ಮಾದರಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಯಿತು.

ಆಗ ನೀವು ಮನೆಗೆ ಬಂದಿರಿ. ಪಡಸಾಲೆಯಲ್ಲಿ ಕೂತು ವೈನಿಗೆ, "ನಿಮ್ಮನ್ನ ಕೇಳದs ಈ ಫೈಲ್ ಮುಚ್ಚೂದಿಲ್ಲ ತಂಗಿ" ಅಂದಿರಿ. ಓಣಿಯ ಹಿರಿಯರು ಕೇಳಿದ್ದಾರೆ.

ಪ್ರಯೋಗಾಲಯದ ವರದಿಗೆ ತಿಂಗಳುಗಟ್ಟಲೆ ಕಾದೆವು. ಅದರ ಬೆನ್ನಿಗೇ ಪರಿಹಾರದ ಅರ್ಜಿಗೆ ತಿರಸ್ಕಾರದ ಪತ್ರ ಬಂತು. ಕಾರಣ: "ಕುಡಿತ ಮತ್ತು ಕೌಟುಂಬಿಕ ಕಲಹ." ವೈನಿಯನ್ನು ಯಾರೂ ಕರೆದಿರಲಿಲ್ಲ. ಕಲಹ ಯಾರ ಜೊತೆ, ಸ್ವಾಮಿ? ಹೆಂಡತಿಯನ್ನು ಒಂದು ಮಾತೂ ಕೇಳದೆ, ಗಂಡನ ಸಾವನ್ನು ಅವರ ತಲೆಗೇ ಕಟ್ಟಿ ಸಹಿ ಹಾಕಿದಿರಿ.

ದೇಹದಲ್ಲಿ ಯಾವ ವಿಷ ಇತ್ತೆಂದು ಪ್ರಯೋಗಾಲಯ ಹೇಳಬಲ್ಲದು. ಯಾಕೆ ಎಂದು ಹೇಳಲಾರದು. ಅದಕ್ಕೆ ಮನೆಯವರನ್ನು, ನೆರೆಯವರನ್ನು ತಾಳ್ಮೆಯಿಂದ ಕೇಳಿ ತಿಳಿಯುವ ಪದ್ಧತಿ ಇದೆ. ತಜ್ಞರು ಮಾನಸಿಕ ಶವಪರೀಕ್ಷೆ ಎನ್ನುತ್ತಾರೆ. ಬೆಂಗಳೂರಿನ ಆತ್ಮಹತ್ಯೆಗಳನ್ನು ನಿಮ್ಹಾನ್ಸ್‌ನವರು ಎರಡು ದಶಕದ ಹಿಂದೆಯೇ ಹೀಗೆ ಅಧ್ಯಯನ ಮಾಡಿದರು. ಸಾಲ, ಖಿನ್ನತೆ, ಕಾಯಿಲೆ, ಕುಡಿತ, ಕೈಗೆಟಕುವ ಕೀಟನಾಶಕ ಒಂದರೊಳಗೊಂದು ಹೆಣೆದಿರುತ್ತವೆ. ಒಂದೇ ಕಾರಣಕ್ಕೆ ಯಾರೂ ಹೋಗುವುದಿಲ್ಲ. ಅಣ್ಣ ಕುಡಿಯುತ್ತಿದ್ದ, ಮುಚ್ಚಿಡುವುದಿಲ್ಲ. ಯಾವಾಗಿನಿಂದ ಎಂದು ಕೇಳಿದ್ದರೆ ವೈನಿ ಹೇಳುತ್ತಿದ್ದರು: ಹೆಸರು ಒಣಗಿದ ಮೇಲೆ. ನೀವು ಕೇಳಲಿಲ್ಲ.

ರೈತರ ಆತ್ಮಹತ್ಯೆಗಳ ಬಗ್ಗೆ 2002ರಲ್ಲಿ ವರದಿ ಕೊಟ್ಟ ಡಾ. ಜಿ.ಕೆ. ವೀರೇಶ್ ಸಮಿತಿಯೂ ಕುಡಿತ, ಸಂಸಾರದ ತಾಪತ್ರಯಗಳ ಕಡೆಗೇ ಬೆರಳು ತೋರಿಸಿ ಟೀಕೆಗೆ ಗುರಿಯಾಗಿತ್ತು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ವರದಿಯಂತೆ ಆತ್ಮಹತ್ಯೆ ಮಾಡಿಕೊಂಡ ರೈತರು, ಕೃಷಿ ಕೂಲಿಕಾರರು ದೇಶದಲ್ಲಿ 11,290, ಕರ್ನಾಟಕದಲ್ಲಿ 2,392. ದೇಶದ ಎಲ್ಲ ಆತ್ಮಹತ್ಯೆಗಳ ಕಾರಣದ ಪಟ್ಟಿಯಲ್ಲಿ ಮೊದಲನೆಯದು ಕೌಟುಂಬಿಕ ಸಮಸ್ಯೆ, ನೂರಕ್ಕೆ 31.7. ಈ ಅಂಕಿಗಳು ಹುಟ್ಟುವುದು ಠಾಣೆಯ ಕಾಗದದಲ್ಲಿ. ಕೇಳದೇ ತುಂಬಿದ ಕಾಗದಗಳು ಅದರಲ್ಲಿ ಎಷ್ಟಿವೆ? ಇದೇ ಅಂಕಿ ಹಿಡಿದು ನಾಳೆ ಯೋಜನೆ ಮಾಡುತ್ತೀರಿ, ರೈತನಿಗೆ ಬುದ್ಧಿ ಹೇಳುತ್ತೀರಿ.

ಪರಿಹಾರವನ್ನು 2015ರಲ್ಲಿ 5 ಲಕ್ಷಕ್ಕೆ ಏರಿಸಿದ್ದು ನಿಜ. ಆದರೆ ಲಾವಣಿದಾರನಿಗೆ ಕಾಗದ ಎಲ್ಲಿಂದ ಬರಬೇಕು? ಹೊಲದಲ್ಲಿ ದುಡಿದು ಸತ್ತ ಹೆಂಗಸಿನ ಹೆಸರಿಗೆ ಉತಾರ ಎಲ್ಲಿರುತ್ತದೆ? ಶ್ರೀಲಂಕಾ 1995ರಿಂದ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿ ಆತ್ಮಹತ್ಯೆಯ ಪ್ರಮಾಣವನ್ನು ಅರ್ಧಕ್ಕಿಂತ ಕೆಳಗಿಳಿಸಿತು. ನಮ್ಮಲ್ಲಿ ಅವನ್ನು ಕಿರಾಣಿ ಸಾಮಾನಿನಷ್ಟು ಸುಲಭವಾಗಿ ಮಾರಲು ಬಿಟ್ಟವರು ಯಾರು? ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಆವರಣಕ್ಕೆ 2023ರ ಜನವರಿ 28ರಂದು ಅಲ್ಲೇ ಶಂಕುಸ್ಥಾಪನೆ ಆಯಿತು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಒಂದೊಂದು ಸಾವನ್ನೂ ಮನೆಮನೆಗೆ ಹೋಗಿ ಅಧ್ಯಯನ ಮಾಡಿಸಲು ಇನ್ನೇನು ಬೇಕು? ಪ್ರತಿ ಜುಲೈ 21ರಂದು ನವಲಗುಂದದ ರೈತ ಬಂಡಾಯದ ಹುತಾತ್ಮರಿಗೆ ಹಾರ ಹಾಕಲು ಬರುವವರೆಲ್ಲ ಇದಕ್ಕೂ ಉತ್ತರ ಕೊಡಬೇಕು.

ಆ ಆದೇಶವನ್ನು ರದ್ದು ಮಾಡಿ. ವೈನಿಯನ್ನು ಕರೆಸಿ, ಅವರ ಮಾತನ್ನು ಅವರ ಮಾತಿನಲ್ಲೇ ಬರೆದುಕೊಂಡು ಓದಿ ಹೇಳಿ, ಆಮೇಲೆ ಬೇಕಾದ್ದನ್ನು ತೀರ್ಮಾನಿಸಿ. ಪರಿಹಾರ ಕೊಡದಿದ್ದರೂ ಸೈ, "ಕಲಹ" ಎಂಬ ಆ ಶಬ್ದ ಕಡತದಿಂದ ಹೋಗಬೇಕು.

ಇದನ್ನು ಓದುವ ರೈತ ಮನೆಯವರಿಗೂ ಒಂದು ಮಾತು. ಮನೆಯಲ್ಲಿ ಯಾರಾದರೂ ಮಾತು ಬಿಟ್ಟು ಕೂತಿದ್ದರೆ ಬಳಿ ಕೂತು ಕೇಳಿರಿ, ಒಬ್ಬರನ್ನೇ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ನವಲಗುಂದ ತಾಲ್ಲೂಕಿನ ಒಬ್ಬ ರೈತ