ಬಚ್ಚಲ ಬಾಗಿಲ ಚಿಲಕ

"ನಮ್ಮ ಹುಡುಗಿಗೆ ತಲೆಗೆ ಬಿಸಿನೀರು ಹಾಕ್ಕೊಂಡ್ರೆ ಆಗಲ್ಲ ಕಣಮ್ಮ, ಅಷ್ಟೇ. ಬೇರೆ ಏನೂ ಇಲ್ಲ."

ಈ ಮಾತನ್ನು ನೀವೂ ಎಲ್ಲಾದರೂ ಕೇಳಿರುತ್ತೀರಿ. ಹಲಸೂರಿನ ನಮ್ಮ ಬೀದಿಯೊಂದರಲ್ಲೇ ನಾನು ಮೂರು ಮನೆಗಳಲ್ಲಿ ಕೇಳಿದ್ದೇನೆ. ಒಂದು ಮನೆಯ ಮಾತು ಕನ್ನಡ, ಒಂದರದು ತಮಿಳು, ಇನ್ನೊಂದರದು ಉರ್ದು. ದೇವರು ಬೇರೆ, ಅಡುಗೆ ಬೇರೆ, ಆದರೆ ಆ "ಅಷ್ಟೇ" ಮಾತ್ರ ಮೂರೂ ಮನೆಗಳಲ್ಲಿ ಒಂದೇ ದನಿಯಲ್ಲಿ ಬಂತು. ಮಗಳು ಬಚ್ಚಲಲ್ಲಿ ಕಣ್ಣು ಮೇಲೆ ಮಾಡಿ ಬಿದ್ದದ್ದು, ಕೈಗೆ ಬೀಗದಕೈ ಗೊಂಚಲು ತುರುಕಿದ್ದು, ಹರಕೆ ಹೊತ್ತದ್ದು, ತಾಯತ ಕಟ್ಟಿಸಿದ್ದು ಎಲ್ಲವನ್ನೂ ಆ ಎರಡಕ್ಷರದೊಳಗೆ ಹೂತುಬಿಟ್ಟಿರುತ್ತಾರೆ. ಆಸ್ಪತ್ರೆಗೆ ಮಾತ್ರ ಹೋಗಿರುವುದಿಲ್ಲ. ಯಾಕೆಂದರೆ ಆಸ್ಪತ್ರೆಯೆಂದರೆ ನಿಮ್ಹಾನ್ಸ್. "ಅಲ್ಲಿ ಯಾರಾದ್ರೂ ನೋಡಿಬಿಟ್ರೆ, ಹುಡುಗಿಗೆ ತಲೆ ಕೆಟ್ಟಿದೆ ಅನ್ನಲ್ವಾ?"

ನನ್ನ ಜಗಳ ಇರುವುದು ಈ ಮುಚ್ಚಿಡುವ ಚಾಳಿಯೊಂದಿಗೆ.

ಬಿಸಿನೀರಿನ ಸ್ನಾನದಿಂದ ಬರುವ ಈ ಮೂರ್ಛೆರೋಗವನ್ನು ಜಗತ್ತಿನಲ್ಲಿ ಅತಿ ಹೆಚ್ಚು ಅಭ್ಯಾಸ ಮಾಡಿದ ಜಾಗಗಳಲ್ಲಿ ನಮ್ಮ ಬೆಂಗಳೂರೂ ಒಂದು ಎಂದರೆ ನಂಬುತ್ತೀರಾ? 1945ರಲ್ಲಿ ನ್ಯೂಜಿಲೆಂಡಿನ ವೈದ್ಯರೊಬ್ಬರು ಇಂಥ ಒಂದು ಪ್ರಕರಣವನ್ನು ಬರೆದಿಟ್ಟಿದ್ದರು. ಅಲ್ಲಿ ಅದು ಅಪರೂಪದ ಸೋಜಿಗ. ಇಲ್ಲಿ ಡಾ. ಕೆ.ಎಸ್. ಮಣಿ ಅವರು 1974ರ ಹೊತ್ತಿಗೇ 108 ಮಂದಿಯ ವಿವರ ಕಲೆಹಾಕಿದ್ದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 279 ಮಂದಿಯ ಬಗ್ಗೆ ಬರೆದರು. ಹಂಡೆಯಲ್ಲಿ ಕುದಿಯುವಷ್ಟು ನೀರು ಕಾಯಿಸಿ, ಚೊಂಬಿನ ಮೇಲೆ ಚೊಂಬು ಬಿಡುವಿಲ್ಲದೆ ನೆತ್ತಿಗೆ ಸುರಿದುಕೊಳ್ಳುವ ನಮ್ಮ ಪದ್ಧತಿಯೇ ಅವರ ಸಂಶೋಧನೆಯ ವಸ್ತುವಾಯಿತು. ನೀರು ತುಂಬುವ ಹಬ್ಬದಂದು ನಾವು ಪೂಜೆ ಮಾಡುವ ಹಂಡೆ ಇಂಗ್ಲಿಷಿನ ವೈದ್ಯಪತ್ರಿಕೆಗಳವರೆಗೆ ಹೋಗಿ ಬಂದಿದೆ. ನಮ್ಮ ಹಾಲಿನವರೆಗೆ ಮಾತ್ರ ಬಂದಿಲ್ಲ.

ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆಯಂತೆ. ಅವು ಒಂದರೊಡನೊಂದು ಸಣ್ಣ ವಿದ್ಯುತ್ತಿನ ಮೂಲಕ ಮಾತಾಡುತ್ತವೆ. ಶಿವಾಜಿನಗರದ ರಸೆಲ್ ಮಾರುಕಟ್ಟೆಯನ್ನು ನೆನೆಸಿಕೊಳ್ಳಿ. ಒಬ್ಬ ಕೂಗುತ್ತಾನೆ, ಒಬ್ಬ ಕೇಳುತ್ತಾನೆ, ಇನ್ನೊಬ್ಬ ಚಿಲ್ಲರೆ ಎಣಿಸುತ್ತಾನೆ, ವ್ಯಾಪಾರ ನಡೆಯುತ್ತದೆ. ಅಲ್ಲಿರುವವರೆಲ್ಲ ಒಂದೇ ಕ್ಷಣಕ್ಕೆ ಒಂದೇ ಉಸಿರಿಗೆ ಕೂಗಿಕೊಂಡರೆ? ವ್ಯಾಪಾರ ನಿಲ್ಲುತ್ತದೆ. ಫಿಟ್ಸ್ ಎಂದರೆ ಹೆಚ್ಚುಕಡಿಮೆ ಅದೇ. ಕೆಲವರ ಮಿದುಳಿಗೆ ನೆತ್ತಿಯ ಮೇಲೆ ಬೀಳುವ ಬಿಸಿಯನ್ನು ಸಂಭಾಳಿಸುವುದು ಕಷ್ಟ, ಅದೇ ಆ ಕೂಗಿಗೆ ಕಿಡಿಯಾಗುತ್ತದೆ ಎಂದು ಸಂಶೋಧಕರು ಭಾವಿಸುತ್ತಾರೆ. ಇದನ್ನು ಅರಿಯಲು ನಿಮ್ಹಾನ್ಸ್‌ನಲ್ಲಿ ಇಲಿಗಳಿಗೂ ಬಿಸಿನೀರು ಹುಯ್ದು ನೋಡಿದ್ದಾರೆ. ಕೆಲವು ಮನೆತನಗಳಲ್ಲಿ ಇದು ಅನುವಂಶಿಕವಾಗಿ ಬರುವುದೂ ಉಂಟು. ಹೀಗಿರುವಾಗ ಇದರಲ್ಲಿ ಗಾಳಿ ಸೋಂಕು ಎಲ್ಲಿಂದ ಬಂತು? ಹೋದ ಜನ್ಮದ ಕರ್ಮ ಎಲ್ಲಿಂದ ಬಂತು?

ಬಹಳ ಮಂದಿಗೆ ಪರಿಹಾರವೂ ದೊಡ್ಡದಲ್ಲ. ನೀರು ಉಗುರುಬೆಚ್ಚಗಿರಬೇಕು, ನೆತ್ತಿಗೆ ಒಂದೇ ಸಮನೆ ಸುರಿಯಬಾರದು. ಕೆಲವರಿಗೆ ತಲೆಸ್ನಾನದ ದಿನ ಒಂದೂವರೆ ಎರಡು ಗಂಟೆ ಮೊದಲು ವೈದ್ಯರು ಬರೆದುಕೊಟ್ಟ ಒಂದು ಮಾತ್ರೆ ಸಾಕು. ಬೇರೆ ಹೊತ್ತಿನಲ್ಲೂ ಫಿಟ್ಸ್ ಬರುವವರು ದಿನವೂ ಮಾತ್ರೆ ತೆಗೆದುಕೊಳ್ಳಬೇಕು. ಸಾಮಾನ್ಯ ಮೂರ್ಛೆರೋಗದ ಮಾತಿಗೆ ಬಂದರೆ, ಡಾ. ಮಣಿ ಮತ್ತು ಅವರ ತಂಡ ಯಳಂದೂರಿನ ಹಳ್ಳಿಗಳಲ್ಲಿ ವರ್ಷಗಟ್ಟಲೆ ದುಡಿದು, ಹಳೆಯ ಅಗ್ಗದ ಮಾತ್ರೆಗಳಿಂದಲೇ ರೋಗವನ್ನು ಹತೋಟಿಗೆ ತರಬಹುದೆಂದು ತೋರಿಸಿ, ಅದನ್ನು 2001ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಸರಿಯಾಗಿ ಔಷಧ ತೆಗೆದುಕೊಂಡರೆ ನೂರರಲ್ಲಿ 70 ಮಂದಿಯವರೆಗೆ ಫಿಟ್ಸ್ ಇಲ್ಲದೆ ಬದುಕಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಯಳಂದೂರಿನ ಹಳ್ಳಿಯ ಹೆಂಗಸು ನುಂಗಿದ ಮಾತ್ರೆಯನ್ನು ಇಂದಿರಾನಗರದ ಮಹಡಿ ಮನೆಯವರು ಬಚ್ಚಿಡುತ್ತಾರೆ, ನೋಡಿ.

ಇನ್ನೊಂದು ವಿಷಯ ಕೇಳಿದರೆ ನಿಮಗೆ ನಗು ಬರಬಹುದು, ನನಗಂತೂ ಸಿಟ್ಟು ಬರುತ್ತದೆ. ಈ ಬಿಸಿನೀರಿನ ಫಿಟ್ಸ್ ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲೇ ಹೆಚ್ಚು. ಮದುವೆಯಾದ ಮೊದಲ ದೀಪಾವಳಿಗೆ ಅಳಿಯನನ್ನು ಕರೆಸಿ, ಮಣೆ ಹಾಕಿ, ಎಣ್ಣೆ ಒತ್ತಿ, ಬಿಸಿನೀರು ಎರೆಯುತ್ತೀರಲ್ಲ, ಮದುವೆಗೆ ಮುಂಚೆ ಅವನನ್ನು ಯಾರಾದರೂ ಕೇಳಿದ್ದಿರಾ, "ಏನಪ್ಪಾ, ನಿನಗೆ ತಲೆಗೆ ನೀರು ಆಗುತ್ತಾ?" ಎಂದು? ಜಾತಕ, ಬಣ್ಣ, ಎತ್ತರ, ಹಾಡು, ರಂಗೋಲಿ ಎಲ್ಲ ಪರೀಕ್ಷೆಯೂ ಹೆಣ್ಣಿಗೆ. ರೋಗವೂ ಅವಳಿಗಿದ್ದರೆ ಮಾತ್ರ ಕಳಂಕ.

ಕಾನೂನು ಕೂಡ ಬಹುಕಾಲ ಇದೇ ದಾರಿಯಲ್ಲಿತ್ತು. 1976ರ ತಿದ್ದುಪಡಿಯಲ್ಲಿ ಹಿಂದೂ ವಿವಾಹ ಕಾಯ್ದೆಗೆ, ಮತ್ತೆ ಮತ್ತೆ ಮೂರ್ಛೆ ಬರುವವರ ಮದುವೆಯನ್ನು ಕೋರ್ಟು ರದ್ದು ಮಾಡಬಹುದೆಂಬ ಅರ್ಥದ ಮಾತನ್ನು ಸೇರಿಸಿದ್ದರು, ಅದೂ ಹುಚ್ಚಿನ ಪಕ್ಕದಲ್ಲೇ. 1999ರಲ್ಲಿ ಸಂಸತ್ತು ಆ ಪದವನ್ನು ಕಿತ್ತುಹಾಕಿತು. ಇವತ್ತು ಫಿಟ್ಸ್ ಇದೆ ಎಂಬ ಒಂದೇ ಕಾರಣಕ್ಕೆ ಯಾರೂ ನಿಮ್ಮ ಮಗಳ ಮದುವೆಯನ್ನು ಮುರಿಯಲಾಗದು. ಆದರೆ ಅದೇ ಕಾಯ್ದೆಯಲ್ಲಿ ಇನ್ನೊಂದು ಕಲಮು ಇನ್ನೂ ಇದೆ: ಮುಖ್ಯವಾದ ಸಂಗತಿಯನ್ನು ಮರೆಮಾಚಿ, ಮೋಸದಿಂದ ಒಪ್ಪಿಗೆ ಪಡೆದಿದ್ದರೆ ಮದುವೆ ರದ್ದಾಗಬಹುದು. ಕಾನೂನು ರೋಗವನ್ನು ಕ್ಷಮಿಸಿದೆ, ಗುಟ್ಟನ್ನು ಕ್ಷಮಿಸಿಲ್ಲ. "ಮದುವೆ ಆಗಿಬಿಡ್ಲಿ, ಆಮೇಲೆ ನೋಡ್ಕೊಳ್ಳೋಣ" ಎನ್ನುವ ತಾಯಂದಿರು ಮಗಳ ಕೈಗೆ ಎಂಥ ಕೆಂಡವನ್ನು ಕೊಟ್ಟು ಕಳಿಸುತ್ತಿದ್ದಾರೆ!

ನಮ್ಮ ಬೀದಿಯ ಆ ಮೂರರಲ್ಲಿ ಒಂದು ಮನೆಯ ಹುಡುಗಿಗೆ ಬೇರೆ ಹೊತ್ತಿನಲ್ಲೂ ಫಿಟ್ಸ್ ಇತ್ತು. ಕೊನೆಗೂ ಚಿಕಿತ್ಸೆ ಶುರುವಾಗಿ, ಎರಡು ವರ್ಷ ಮಾತ್ರೆ ನುಂಗಿ ಚೆನ್ನಾಗಿದ್ದಳು. 2003ರಲ್ಲಿ ಕೆ.ಆರ್. ಪುರದ ಕಡೆಗೆ ಕೊಟ್ಟರು. ಮಾತ್ರೆಗಳನ್ನು ಪೌಡರ್ ಡಬ್ಬಿಯಲ್ಲಿಟ್ಟು ಕಳಿಸಿದರು. ಒಟ್ಟು ಕುಟುಂಬ, ಎರಡು ಕೋಣೆಯ ಮನೆ, ಡಬ್ಬಿಗೆ ಜಾಗವೆಲ್ಲಿ? ನಾದಿನಿ ನೋಡಿಯಾಳೆಂದು ಒಂದು ದಿನ ಬಿಟ್ಟಳು, ಎರಡು ದಿನ ಬಿಟ್ಟಳು, ಕೊನೆಗೆ ಎಲ್ಲವನ್ನೂ ಮೋರಿಗೆ ಸುರಿದಳು. ಇಪ್ಪತ್ತನೆಯ ದಿನ ಒಲೆಯ ಮುಂದೆ ಬಿದ್ದಳು. ಬಲಗೈ ಮೊಣಕೈವರೆಗೆ ಸುಟ್ಟಿತು. ಆ ಮನೆಯವರು ಒಂದೇ ಮಾತು ಹಿಡಿದರು: "ರೋಗಕ್ಕಲ್ಲ, ನಮಗೆ ಹೇಳಲಿಲ್ಲವಲ್ಲ, ಅದಕ್ಕೆ." ಅವರೇನು ಸಜ್ಜನರೆಂದು ನಾನು ಹೇಳುತ್ತಿಲ್ಲ. ಹೇಳಿದ್ದರೆ ಬೇರೆ ನೆಪ ಹುಡುಕುತ್ತಿದ್ದರೇನೋ. ಆದರೆ ಈ ನೆಪವನ್ನು ಹೆತ್ತವರೇ ತಟ್ಟೆಯಲ್ಲಿಟ್ಟು ಕೊಟ್ಟಿದ್ದರು.

ಮಾತ್ರೆಯನ್ನು ಗುಟ್ಟಾಗಿ ನುಂಗುವುದರಲ್ಲೂ ಅಪಾಯವಿದೆ. ಮೂರ್ಛೆರೋಗಕ್ಕೆ ಕೊಡುವ ವಾಲ್‌ಪ್ರೊಯೇಟ್ ಎಂಬ ಔಷಧವನ್ನು ಬಸಿರಿನಲ್ಲಿ ತೆಗೆದುಕೊಂಡರೆ, ಹತ್ತು ಕೂಸುಗಳಲ್ಲಿ ಸುಮಾರು ಒಂದಕ್ಕೆ ಅಂಗದೋಷ, ಮೂರು ನಾಲ್ಕಕ್ಕೆ ಬೆಳವಣಿಗೆಯ, ಕಲಿಕೆಯ ತೊಂದರೆ ಕಾಣಿಸಬಹುದು. ಇದಕ್ಕಿಂತ ಕಡಿಮೆ ಅಪಾಯದ ಔಷಧಗಳಿವೆ. ಆದರೆ ಬಸಿರಾಗುವ ಮೊದಲೇ ವೈದ್ಯರನ್ನು ಕಂಡು ಬದಲಾಯಿಸಿಕೊಳ್ಳಬೇಕು, ಫೋಲಿಕ್ ಆಸಿಡ್ ಶುರುಮಾಡಬೇಕು. ಹೆದರಿ ತಾನಾಗಿಯೇ ಥಟ್ಟನೆ ನಿಲ್ಲಿಸುವುದಂತೂ ಇನ್ನೂ ಕೆಟ್ಟದ್ದು. ಗಂಡನಿಗೇ ತಿಳಿಯದ ರೋಗಕ್ಕೆ ಗಂಡನೊಡನೆ ಹೋಗಿ ಯಾವ ವೈದ್ಯರನ್ನು ಕಾಣುತ್ತಾಳೆ?

"ಹೇಳಿದ್ರೆ ಯಾರು ಮಾಡ್ಕೋತಾರೆ? ನೀವು ನಿಮ್ಮ ಮಗನಿಗೆ ತಂದ್ಕೋತೀರಾ?" ಎಂದು ನನ್ನನ್ನು ಎದುರುಬದುರು ಕೇಳಿದವರಿದ್ದಾರೆ. ನ್ಯಾಯವಾದ ಪ್ರಶ್ನೆ. ಗಂಡುಮಕ್ಕಳ ತಾಯಂದಿರೆಲ್ಲ ಒಮ್ಮೆ ಕೇಳಿಕೊಳ್ಳಬೇಕಾದದ್ದು. ತಂದುಕೊಳ್ಳುತ್ತೇನೆ ಎಂದೆ. ನಂಬಲಿಲ್ಲ. ಹೇಳಿದರೆ ಕೆಲವು ಸಂಬಂಧ ತಪ್ಪುತ್ತವೆ, ಸುಳ್ಳೇಕೆ? ಹಾಗೆ ಎದ್ದುಹೋಗುವವರು ಉಪ್ಪಿಟ್ಟು ಕಾಫಿ ಮುಗಿಸಿ ಎದ್ದುಹೋಗಲಿ. ಒಂದು ವರ್ಷದ ಮೇಲೆ ಸುಟ್ಟ ಕೈಯ ಹುಡುಗಿಯನ್ನು ಆಟೋದಲ್ಲಿ ತಂದು ಬಿಟ್ಟುಹೋಗುವುದಕ್ಕಿಂತ ಅದು ಅಗ್ಗ. ಅಷ್ಟಕ್ಕೂ ಹುಡುಗಿ ಓದಲಿ, ಕೆಲಸಕ್ಕೆ ಸೇರಲಿ. ಮದುವೆಗಾಗಿಯೇ ಮಾತ್ರೆ, ಮದುವೆಗಾಗಿಯೇ ಗುಟ್ಟು ಎಂದರೆ ಅವಳ ಮಿದುಳು ಯಾರದು?

ಫಿಟ್ಸ್ ಬಂದಾಗ ಮಾಡಬೇಕಾದದ್ದಿಷ್ಟು: ಪಕ್ಕಕ್ಕೆ ತಿರುಗಿಸಿ ಮಲಗಿಸಿ, ಬಿಗಿದ ಬಟ್ಟೆ ಸಡಿಲಿಸಿ, ಬಾಯಿಗೆ ಚಮಚ ನೀರು ಏನನ್ನೂ ಹಾಕಬೇಡಿ, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಓಡಿ. ಬೀಗದಕೈ ಬೀಗಕ್ಕಿರಲಿ. ಇನ್ನು ಸ್ನಾನಕ್ಕೆ ವೈದ್ಯರು ತಪ್ಪದೆ ಹೇಳುವ ಒಂದು ಮಾತಿದೆ, ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳಬಾರದು ಎಂದು. ಮಾವ, ಭಾವ, ಮೈದುನ ಓಡಾಡುವ ಮನೆಯಲ್ಲಿ ಹೊಸ ಸೊಸೆ ಚಿಲಕ ಹಾಕದೆ ಸ್ನಾನಕ್ಕೆ ನಿಲ್ಲಬೇಕಾದರೆ, ಯಾಕೆಂದು ಆ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಡವೇ?